ಟ್ಯಾಬ್ಲೆಟ್ ಮೇಲೆ ಕೈಬರಹದ ನೋಟ್ಸ್: ಐದು ಮುಕ್ತ ತಂತ್ರಾಂಶಗಳಲ್ಲಿ ನಿಮಗೆ ಯಾವುದು?

2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ಟ್ಯಾಬ್ಲೆಟ್ ಆವೃತ್ತಿಯ ಜೊತೆ ವಿಂಡೋಸ್ ಜರ್ನಲ್ ಎಂಬ ಪ್ರೋಗ್ರಾಂ ಬಂತು. ಗೆರೆ ಹಾಕಿದ ಹಾಳೆಯಂಥ ಪರದೆ, ಪೆನ್ನು ಹಿಡಿದು ಬರೆದರೆ ಬರೆದ ಹಾಗೇ ಉಳಿಯುತ್ತಿತ್ತು. ಎಷ್ಟೋ ಜನ ಅದರಲ್ಲಿ ವರ್ಷಗಟ್ಟಲೆ ಪಾಠದ ಟಿಪ್ಪಣಿ, ಸಭೆಯ ಟಿಪ್ಪಣಿ ಬರೆದಿಟ್ಟರು. 2016ರಲ್ಲಿ ಸುರಕ್ಷತೆಯ ಕಾರಣಕ್ಕೆ ಅದನ್ನು ವಿಂಡೋಸ್ 10ರಿಂದ ತೆಗೆದುಹಾಕಲಾಯಿತು. ಅದರಲ್ಲಿ ಉಳಿಸಿದ ಹಳೆಯ ಜೆಎನ್‌ಟಿ ಫೈಲ್ ತೆರೆಯಬೇಕಾದವರು ಆ ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಹುಡುಕಿ ಹಾಕಿಕೊಳ್ಳಬೇಕಾಯಿತು.

ಕೈಬರಹದ ಆ್ಯಪ್ ಆರಿಸುವವರು ನೆನಪಿಡಬೇಕಾದ ಸಂಗತಿ ಇದು. ಎಷ್ಟು ಬಣ್ಣದ ಪೆನ್ನುಗಳಿವೆ, ಎಷ್ಟು ಚೆಂದದ ಹಾಳೆಗಳಿವೆ ಅನ್ನುವುದೆಲ್ಲ ಆಮೇಲಿನ ಮಾತು. ನೀವು ಬರೆದದ್ದು ಯಾವ ಬಗೆಯ ಫೈಲ್‌ನಲ್ಲಿ ಹೋಗಿ ಕೂರುತ್ತದೆ, ಆ ಆ್ಯಪ್ ನಾಳೆ ಇಲ್ಲವಾದರೆ ಅದನ್ನು ಹೊರಗೆ ತರಲು ದಾರಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಹಾಗಾಗಿಯೇ ಇಲ್ಲಿ ಮೂಲಸಂಕೇತ ಎಲ್ಲರಿಗೂ ತೆರೆದಿರುವ, ದುಡ್ಡು ಕೊಡದೆ ಬಳಸಬಹುದಾದ ಐದನ್ನು ಮಾತ್ರ ತೆಗೆದುಕೊಂಡಿದ್ದೇನೆ: ಕ್ಸೋರ್ನಲ್++, ಆರ್‌ನೋಟ್, ಸೇಬರ್, ಸ್ಟೈಲಸ್ ಲ್ಯಾಬ್ಸ್‌ನ ರೈಟ್ ಮತ್ತು ಲಿನ್‌ವುಡ್ ಬಟರ್‌ಫ್ಲೈ.

ಆ್ಯಪ್‌ಗಿಂತ ಮೊದಲು ಪೆನ್ನು

ಬರಹ ಅಂಕುಡೊಂಕಾಗುತ್ತದೆ, ಅಂಗೈ ತಾಗಿದಲ್ಲೆಲ್ಲ ಗೀರು ಬೀಳುತ್ತದೆ ಎಂದು ಆ್ಯಪ್ ಮೇಲೆ ಆ್ಯಪ್ ಬದಲಿಸುವವರಿದ್ದಾರೆ. ಬಹಳಷ್ಟು ಸಲ ತೊಂದರೆ ಇರುವುದು ಪೆನ್ನಿನಲ್ಲಿ. ರಬ್ಬರ್ ತುದಿಯ ಅಗ್ಗದ ಸ್ಟೈಲಸ್ ಪರದೆಯ ಮಟ್ಟಿಗೆ ಇನ್ನೊಂದು ಬೆರಳು ಅಷ್ಟೇ. ಅದು ಪೆನ್ನೋ ಅಂಗೈಯೋ ಎಂದು ಟ್ಯಾಬ್ಲೆಟ್‌ಗೆ ಗೊತ್ತಾಗುವುದಿಲ್ಲ, ಒತ್ತಿದ್ದು ಹಗುರವೋ ಗಟ್ಟಿಯೋ ಎಂಬುದೂ ತಿಳಿಯುವುದಿಲ್ಲ. ಒಳಗೆ ಎಲೆಕ್ಟ್ರಾನಿಕ್ಸ್ ಇರುವ ಆ್ಯಕ್ಟಿವ್ ಪೆನ್ನಾದರೆ ತಾನು ಪೆನ್ನು ಎಂದು ತಾನೇ ಹೇಳಿಕೊಳ್ಳುತ್ತದೆ. ಆಗ ಆ್ಯಪ್‌ಗೆ ಪೆನ್ನಿನಿಂದ ಬರೆಯುವುದು, ಬೆರಳಿನಿಂದ ಹಾಳೆ ಸರಿಸುವುದು ಎಂದು ಕೆಲಸ ಹಂಚಿಕೊಡಲು ಆಗುತ್ತದೆ.

ಆ್ಯಕ್ಟಿವ್ ಪೆನ್ನುಗಳಲ್ಲೂ ಜಾತಿಗಳಿವೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ವಾಕಾಮ್‌ನ ಇಎಂಆರ್ ಪೆನ್ನು ಪರದೆಯ ಕೆಳಗಿನ ಪದರದಿಂದಲೇ ಶಕ್ತಿ ಪಡೆಯುವುದರಿಂದ ಬರೆಯಲು ಬ್ಯಾಟರಿ ಬೇಕಿಲ್ಲ. ಸ್ಯಾಮ್‌ಸಂಗ್‌ನ ಎಸ್ ಪೆನ್ ಈ ಬಗೆಯದು. ಆ್ಯಪಲ್ ಪೆನ್ಸಿಲ್ ಚಾರ್ಜ್ ಬೇಡುತ್ತದೆ, ಐಪ್ಯಾಡ್ ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ವಿಂಡೋಸ್ ಟ್ಯಾಬ್ಲೆಟ್‌ಗಳಲ್ಲಿ ಮೈಕ್ರೋಸಾಫ್ಟ್ ಪೆನ್ ಪ್ರೋಟೋಕಾಲ್, ಕ್ರೋಮ್‌ಬುಕ್‌ಗಳಲ್ಲಿ ಯುಎಸ್‌ಐ ಎಂಬ ಪೆನ್ ಮಾನದಂಡ ಹೆಚ್ಚು. 4096 ಹಂತದ ಒತ್ತಡ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನೋಟ್ಸ್ ಬರೆಯುವವರಿಗೆ ಆ ಸಂಖ್ಯೆಯಿಂದ ಏನೂ ಆಗಬೇಕಿಲ್ಲ, ಚಿತ್ರ ಬರೆಯುವವರು ಬೇಕಾದರೆ ನೋಡಲಿ.

ಪೆನ್ನಿನ ತುದಿಗೂ ಶಾಯಿಗೂ ನಡುವಿನ ಅಂತರ ಮಾತ್ರ ಎಲ್ಲರಿಗೂ ಮುಖ್ಯ. 60 ಹರ್ಟ್ಸ್ ಪರದೆಯಲ್ಲಿ ಹೊಸ ಚಿತ್ರ ಮೂಡಲು ಸುಮಾರು 16.7 ಮಿಲಿಸೆಕೆಂಡ್ ಹಿಡಿಯುತ್ತದೆ, 120 ಹರ್ಟ್ಸ್‌ನಲ್ಲಿ ಅದರ ಅರ್ಧ. ಇದರ ಮೇಲೆ ಆ್ಯಪ್ ತೆಗೆದುಕೊಳ್ಳುವ ಸಮಯವೂ ಸೇರುತ್ತದೆ. ಪರೀಕ್ಷೆ ಸುಲಭ: ಉದ್ದನೆಯ ಓರೆಗೆರೆಯೊಂದನ್ನು ಸರ್‍ರನೆ ಎಳೆದು, ಗೆರೆ ಪೆನ್ನಿಗೆ ಎಷ್ಟು ಹಿಂದೆ ಬೀಳುತ್ತದೆ ಎಂದು ನೋಡಿ. ಒಂದೇ ಆ್ಯಪ್ ಎರಡು ಟ್ಯಾಬ್ಲೆಟ್‌ಗಳಲ್ಲಿ ಬೇರೆ ಬೇರೆ ಥರ ಓಡುವುದುಂಟು. ಆದ್ದರಿಂದ ಬೇರೆಯವರ ಅನುಭವಕ್ಕಿಂತ ನಿಮ್ಮ ಕೈಯಲ್ಲಿರುವ ಯಂತ್ರದ ಮಾತನ್ನೇ ನಂಬಿ.

ಪಿಡಿಎಫ್ ಮೇಲೆ ಬರೆಯುವವರಿಗೆ: ಕ್ಸೋರ್ನಲ್++

ಕ್ಸೋರ್ನಲ್ ಎಂಬ ಮೂಲ ಪ್ರೋಗ್ರಾಂ ಬರೆದವರು ಗಣಿತಜ್ಞ ಡೆನಿಸ್ ಒರೂ. ಅದರ ದಾರಿಯಲ್ಲೇ ನಡೆದು, ಹೊಸದಾಗಿ ಸಿ++ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು ಕ್ಸೋರ್ನಲ್++. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನಿಮ್ಮದು ಆಂಡ್ರಾಯ್ಡ್ ಟ್ಯಾಬ್ಲೆಟ್ ಅಥವಾ ಐಪ್ಯಾಡ್ ಆಗಿದ್ದರೆ ಸೀದಾ ಸೇಬರ್ ಇರುವಲ್ಲಿಗೆ ಹೋಗಬಹುದು. ಕ್ಸೋರ್ನಲ್++ ಪೂರ್ಣ ಕಂಪ್ಯೂಟರ್‌ನ ತಂತ್ರಾಂಶ.

ಗಣಿತ, ವಿಜ್ಞಾನ ಓದುವವರಿಗೆ ಇದಕ್ಕೆ ಸಾಟಿಯಾದದ್ದು ಮುಕ್ತ ತಂತ್ರಾಂಶಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಠದ ಸ್ಲೈಡ್‌ಗಳ ಪಿಡಿಎಫ್ ತೆರೆದು ಮೇಲೆಯೇ ಬರೆಯಬಹುದು, ನಡುವೆ ಖಾಲಿ ಹಾಳೆ ಸೇರಿಸಬಹುದು, ಮತ್ತೆ ಪಿಡಿಎಫ್ ಆಗಿ ಹೊರತೆಗೆಯಬಹುದು. ಮುದ್ರಿತ ಪಠ್ಯವನ್ನು ಆಯ್ದು ನಕಲು ಮಾಡಿಕೊಳ್ಳುವ ಉಪಕರಣವೂ ಇದೆ. ಗಣಿತದ ಬರಹವನ್ನು ಅಚ್ಚುಕಟ್ಟಾಗಿ ಜೋಡಿಸುವ ಲೇಟೆಕ್ ಎಂಬ ತಂತ್ರಾಂಶ ಹಾಕಿಕೊಂಡಿದ್ದರೆ ಸಮೀಕರಣಗಳನ್ನು ಟೈಪ್ ಮಾಡಿ ಹಾಳೆಯ ಮೇಲೆ ಕೂರಿಸಬಹುದು. ರೇಖಾಗಣಿತಕ್ಕೆ ಪರದೆಯ ಮೇಲೆಯೇ ಮೂಲೆಮಟ್ಟ, ಕೈವಾರ ಸಿಗುತ್ತವೆ.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಧ್ವನಿಮುದ್ರಣ. ಉಪನ್ಯಾಸವನ್ನು ಮುದ್ರಿಸುತ್ತಾ ನೋಟ್ಸ್ ಬರೆಯುತ್ತಾ ಹೋದರೆ, ಪ್ರತಿ ಗೆರೆಯೂ ತಾನು ಹುಟ್ಟಿದ ಕ್ಷಣವನ್ನು ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಯಾವುದೋ ಅರ್ಧಂಬರ್ಧ ಸೂತ್ರದ ಮೇಲೆ ಒತ್ತಿದರೆ, ಅದನ್ನು ಬರೆಯುವಾಗ ಪಾಠ ಮಾಡುತ್ತಿದ್ದವರು ಏನು ಹೇಳುತ್ತಿದ್ದರೋ ಅದೇ ಕೇಳಿಸುತ್ತದೆ. ವೇಗವಾಗಿ ಬರೆಯಲಾಗದವರಿಗೆ ಇದು ದೊಡ್ಡ ಆಸರೆ.

ಇದರ ಫೈಲ್ ಒಳಗೆ ಏನಿದೆ ಎಂದು ಒಮ್ಮೆ ತೆರೆದು ನೋಡಿ. ಎಕ್ಸ್‌ಓಪಿಪಿ ಎಂಬ ಬಾಲದ ಈ ಫೈಲ್ ಜಿಜಿಪ್ ಎಂಬ ವಿಧಾನದಲ್ಲಿ ಕುಗ್ಗಿಸಿಟ್ಟ ಎಕ್ಸ್‌ಎಂಎಲ್, ಅಂದರೆ ಗುರುತುಪಟ್ಟಿಗಳಿರುವ ಸಾದಾ ಪಠ್ಯ, ಅಷ್ಟೇ. ಬಿಚ್ಚಿ ಯಾವುದೇ ಸಾದಾ ಎಡಿಟರ್‌ನಲ್ಲಿ ತೆರೆದರೆ ಪುಟದ ಅಗಲ 595.28, ಎತ್ತರ 841.89 ಎಂಬಂಥ ಸಂಖ್ಯೆಗಳು ಕಾಣುತ್ತವೆ. ಇಂಚಿಗೆ 72ರಂತೆ ಎಣಿಸಿದ ಎ4 ಹಾಳೆಯ ಅಳತೆ ಅದು. ಅದರ ಕೆಳಗೆ ಒಂದೊಂದು ಗೆರೆಗೆ ಒಂದೊಂದು ಸ್ಟ್ರೋಕ್: ಯಾವ ಉಪಕರಣ, ಯಾವ ಬಣ್ಣ, ಎಷ್ಟು ದಪ್ಪ, ಆಮೇಲೆ ಪೆನ್ನು ಹಾದುಹೋದ ಬಿಂದುಗಳ ಜೋಡಿ ಸಂಖ್ಯೆಗಳ ಉದ್ದನೆಯ ಸಾಲು. ಒತ್ತಡದ ಆಯ್ಕೆ ಆನ್ ಇದ್ದರೆ ದಪ್ಪದ ಜಾಗದಲ್ಲೂ ಒಂದು ಪಟ್ಟಿಯೇ ಇರುತ್ತದೆ. ನಾಳೆ ಕ್ಸೋರ್ನಲ್++ ನಿಂತುಹೋದರೂ ಪ್ರೋಗ್ರಾಮಿಂಗ್ ಬಲ್ಲ ಯಾರಾದರೂ ಈ ಸಂಖ್ಯೆಗಳಿಂದ ನಿಮ್ಮ ಅಕ್ಷರಗಳನ್ನು ಮತ್ತೆ ಮೂಡಿಸಬಹುದು.

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಗಳನ್ನೂ ಹೇಳಬೇಕು. ಪಿಡಿಎಫ್ ಮೇಲೆ ಬರೆದು ಉಳಿಸಿದಾಗ ಆ ಪಿಡಿಎಫ್ ಫೈಲ್ ಒಳಗೆ ಸೇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ ಸೇರುತ್ತದೆ. ಪಿಡಿಎಫ್ ಬೇರೆ ಫೋಲ್ಡರ್‌ಗೆ ಹೋದರೆ, ಅಥವಾ ಎಕ್ಸ್‌ಓಪಿಪಿ ಒಂದನ್ನೇ ಇನ್ನೊಬ್ಬರಿಗೆ ಕಳಿಸಿದರೆ, ಹಿನ್ನೆಲೆ ಕಾಣೆ. ಪಿಡಿಎಫ್ ತೆರೆಯುವಾಗಲೇ ಅದರ ಪ್ರತಿಯೊಂದನ್ನು ನೋಟ್ಸ್ ಪಕ್ಕದಲ್ಲಿ ಇಡುವ ಆಯ್ಕೆಯಿದೆ, ಅದನ್ನು ಬಳಸಿ. ಮೊದಲ ಸಲ ತೆರೆದವರಿಗೆ ಟೂಲ್‌ಬಾರ್‌ನ ಚಿಕ್ಕ ಐಕಾನ್‌ಗಳ ಸಾಲು ಬೆರಳಿಗೆ ಸಿಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ದೊಡ್ಡದು ಮಾಡಿ, ಬೇಡದ್ದನ್ನೆಲ್ಲ ತೆಗೆದುಹಾಕಿದರೆ ಆರಾಮ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ಮಾತು. ಆಕಾರ ಗುರುತಿಸುವ ಉಪಕರಣ ಆನ್ ಆಗಿದ್ದರೆ ಕೈಯಲ್ಲಿ ಬರೆದ ದುಂಡನ್ನು ಅದು ಪಕ್ಕಾ ವೃತ್ತ ಮಾಡಿಬಿಡುತ್ತದೆ. ನಮ್ಮ ಲಿಪಿಯ ತುಂಬ ದುಂಡುಗಳೇ ಇರುವುದರಿಂದ ಆಕೃತಿ ಬರೆದಾದ ಕೂಡಲೇ ಅದನ್ನು ಆಫ್ ಮಾಡುವುದು ರೂಢಿಯಾಗಲಿ. ಹಾಗೆಯೇ, ಪೆನ್ನು ಸುಮ್ಮನೆ ತಾಗಿದಾಗ ಬೀಳುವ ಪುಟ್ಟ ಗೀರುಗಳನ್ನು ಕಡೆಗಣಿಸುವ ಒಂದು ಆಯ್ಕೆಯಿದೆ. ಅದನ್ನು ಬಿಗಿಯಾಗಿ ಇಟ್ಟರೆ ಪೂರ್ಣವಿರಾಮದ ಚುಕ್ಕಿಗಳೂ ಮಾಯವಾಗುತ್ತವೆ.

ಖಾಲಿ ಹಾಳೆಯ ಮೇಲೆ ಯೋಚಿಸುವವರಿಗೆ: ಆರ್‌ನೋಟ್

ಆರ್‌ನೋಟ್ ರಸ್ಟ್ ಭಾಷೆಯಲ್ಲಿ ಬರೆದದ್ದು, ಕ್ಸೋರ್ನಲ್++ಗಿಂತ ಕಿರಿಯದು. ಹುಟ್ಟಿದ್ದು ಲಿನಕ್ಸ್‌ಗಾಗಿ, ವಿಂಡೋಸ್ ಮತ್ತು ಮ್ಯಾಕ್‌ಗೂ ಸಿಗುತ್ತದೆ. ತೆರೆದ ಕೂಡಲೇ ವ್ಯತ್ಯಾಸ ಕಾಣುತ್ತದೆ: ದೊಡ್ಡ ಗುಂಡಿಗಳು, ಕಡಿಮೆ ಗದ್ದಲ, ಪರದೆಯ ಬಹುಭಾಗ ಬರೆಯುವುದಕ್ಕೇ ಮೀಸಲು. ಪುಟಗಳ ಎಲ್ಲೆಯೇ ಇಲ್ಲದೆ ಎಲ್ಲ ದಿಕ್ಕಿಗೂ ಹರಡಿಕೊಳ್ಳುವ ಹಾಳೆ ಬೇಕೆಂದರೆ ಅದೂ ಉಂಟು, ಕೆಳಗೆ ಮಾತ್ರ ಬೆಳೆಯುವ ಹಾಳೆಯೂ ಉಂಟು, ನಿಗದಿತ ಅಳತೆಯ ಪುಟಗಳೂ ಉಂಟು. ಕಥೆಯ ನಕ್ಷೆ, ಯೋಜನೆಯ ರೂಪುರೇಷೆ, ಒಂದು ವಿಚಾರದಿಂದ ಇನ್ನೊಂದಕ್ಕೆ ಬಾಣ ಎಳೆಯುತ್ತಾ ಹೋಗುವ ಬಗೆಯ ಬರವಣಿಗೆಗೆ ಇದು ಹೇಳಿ ಮಾಡಿಸಿದ್ದು. ಬೇಕೆಂದರೆ ಬರೆಯುವಾಗ ಪೆನ್ನಿನ ಸದ್ದು ಕೇಳಿಸುವ ಆಯ್ಕೆಯೂ ಇದೆ.

ಪಿಡಿಎಫ್ ವಿಷಯದಲ್ಲಿ ಮಾತ್ರ ಇದು ಹಿಂದೆ. ಪಿಡಿಎಫ್ ಪುಟಗಳನ್ನು ಚಿತ್ರಗಳಂತೆ ಹಾಳೆಯ ಮೇಲೆ ತಂದು ಕೂರಿಸುತ್ತದೆ. ಮೇಲೆ ಗೀಚಿ ಟಿಪ್ಪಣಿ ಮಾಡಲು ಅಷ್ಟು ಸಾಕು, ಮುನ್ನೂರು ಪುಟದ ಪಠ್ಯಪುಸ್ತಕಕ್ಕೆ ಸಾಲದು. ಇನ್ನೊಂದು ಸಂಗತಿಯನ್ನು ಅದನ್ನು ರೂಪಿಸುವವರೇ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಆರ್‌ನೋಟ್‌ನ ಸ್ವಂತ ಫೈಲ್ ಮಾದರಿ ಇನ್ನೂ ನೆಲೆಗೊಂಡಿಲ್ಲ, ಆವೃತ್ತಿಯಿಂದ ಆವೃತ್ತಿಗೆ ಹೊಂದಾಣಿಕೆ ತಪ್ಪಬಹುದು. ಇದಕ್ಕೆ ಹೆದರಿ ಬಿಡಬೇಕಾಗಿಲ್ಲ. ಪಿಡಿಎಫ್, ಎಸ್‌ವಿಜಿ (ಗೆರೆಗಳನ್ನು ಗೆರೆಗಳಾಗಿಯೇ ಇಡುವ ಚಿತ್ರದ ಫೈಲ್), ಎಕ್ಸ್‌ಓಪಿಪಿ ಮೂರಕ್ಕೂ ರಫ್ತು ಮಾಡಲು ಬರುತ್ತದೆ, ಕ್ಸೋರ್ನಲ್++ ಫೈಲ್‌ಗಳನ್ನು ಒಳಗೆ ತರಲೂ ಬರುತ್ತದೆ. ಹೊಸ ಆವೃತ್ತಿ ಹಾಕಿಕೊಳ್ಳುವ ಮೊದಲು ಮುಖ್ಯವಾದ ಹಾಳೆಗಳನ್ನು ರಫ್ತು ಮಾಡಿಟ್ಟರೆ ನಿಶ್ಚಿಂತೆ.

ಆಂಡ್ರಾಯ್ಡ್ ಮತ್ತು ಐಪ್ಯಾಡ್‌ನಲ್ಲಿ: ಸೇಬರ್

ಟ್ಯಾಬ್ಲೆಟ್ ಎಂದರೆ ಬಹುಪಾಲು ಜನರಿಗೆ ಈ ಎರಡರಲ್ಲಿ ಒಂದು. ಅವರಿಗೆ ನಾನು ಮೊದಲು ಹೇಳುವ ಹೆಸರು ಸೇಬರ್. ಎಫ್-ಡ್ರಾಯ್ಡ್ (ಆಂಡ್ರಾಯ್ಡ್‌ನ ಮುಕ್ತ ಆ್ಯಪ್‌ಗಳ ಮಳಿಗೆ), ಪ್ಲೇ ಸ್ಟೋರ್, ಆ್ಯಪ್ ಸ್ಟೋರ್ ಮೂರರಲ್ಲೂ ಇದೆ, ಲಿನಕ್ಸ್, ವಿಂಡೋಸ್, ಮ್ಯಾಕ್‌ಗೂ ಇದೆ. ಟ್ಯಾಬ್ಲೆಟ್‌ನಲ್ಲಿ ಬರೆದದ್ದನ್ನು ಲ್ಯಾಪ್‌ಟಾಪ್‌ನಲ್ಲಿ ಅದೇ ಆ್ಯಪ್‌ನಲ್ಲಿ ಓದುವ ಸುಖ ಕಡಿಮೆಯದಲ್ಲ. ಆ್ಯಕ್ಟಿವ್ ಪೆನ್ನು ತಾಗಿದ್ದು ಗೊತ್ತಾದ ಕೂಡಲೇ ಬೆರಳಿನ ಬರವಣಿಗೆಯನ್ನು ತಾನೇ ನಿಲ್ಲಿಸುವಂತೆ ಇಡಬಹುದು, ಆಗ ಅಂಗೈಯ ಕಾಟ ತಪ್ಪುತ್ತದೆ. ರಾತ್ರಿ ಓದುವವರಿಗಾಗಿ ಡಾರ್ಕ್ ಮೋಡ್‌ನಲ್ಲಿ ಹಾಳೆ, ಶಾಯಿ, ಸೇರಿಸಿದ ಚಿತ್ರ ಎಲ್ಲವನ್ನೂ ತಿರುವಿ ತೋರಿಸುತ್ತದೆ, ಕಣ್ಣಿಗೆ ಹಿತ.

ಸೇಬರ್‌ನ ದೊಡ್ಡ ಬಲ ಸಿಂಕ್, ಅಂದರೆ ಎಲ್ಲ ಯಂತ್ರಗಳಲ್ಲೂ ಒಂದೇ ನೋಟ್ಸ್ ಇರುವಂತೆ ನೋಡಿಕೊಳ್ಳುವುದು. ಫೈಲ್‌ಗಳನ್ನು ಅಂತರ್ಜಾಲದಲ್ಲಿ ಇಡುವ ನೆಕ್ಸ್ಟ್‌ಕ್ಲೌಡ್ ಎಂಬ ಮುಕ್ತ ತಂತ್ರಾಂಶದ ನಿಮ್ಮದೇ ಸರ್ವರ್‌ಗೆ ಜೋಡಿಸಬಹುದು, ನೋಟ್ಸ್ ನಿಮ್ಮ ಟ್ಯಾಬ್ಲೆಟ್‌ನಲ್ಲೇ ಗೂಢಲಿಪಿಗೆ ಬದಲಾಗಿ ಅಲ್ಲಿಗೆ ಹೋಗುತ್ತದೆ. ಸರ್ವರ್ ನಡೆಸುವವರಿಗೂ ಒಳಗೇನಿದೆ ಎಂದು ಕಾಣದು. ಇದಕ್ಕೆ ನೆಕ್ಸ್ಟ್‌ಕ್ಲೌಡ್‌ನ ಪಾಸ್‌ವರ್ಡ್ ಅಲ್ಲದೆ ಇನ್ನೊಂದು ಗೂಢ ಪಾಸ್‌ವರ್ಡ್ ಇರುತ್ತದೆ. ಅದನ್ನು ಮರೆತರೆ ಸರ್ವರ್‌ನಲ್ಲಿರುವ ಪ್ರತಿ ಯಾರಿಗೂ ದಕ್ಕುವುದಿಲ್ಲ. ಸಿಂಕ್ ಆನ್ ಮಾಡುವ ದಿನವೇ ಅದನ್ನು ಕಾಗದದ ಮೇಲೆ ಬರೆದಿಡಿ. ಸರ್ವರ್‌ನಲ್ಲಿರುವುದು ಗೂಢಲಿಪಿಯ ಫೈಲ್ ಆದ್ದರಿಂದ ಬ್ರೌಸರ್‌ನಿಂದ ಹೋಗಿ ಅಲ್ಲೇ ನೋಟ್ಸ್ ಓದುತ್ತೇನೆ ಎಂದರೂ ಆಗುವುದಿಲ್ಲ, ಸೇಬರ್ ಬೇಕೇ ಬೇಕು.

ಕೊರತೆಯೂ ಇದೆ. ಸ್ವಂತ ಫೈಲ್ ಮಾದರಿ ಸೇಬರ್‌ಗೆ ಮಾತ್ರ ಅರ್ಥವಾಗುವಂಥದು. ಹೊರಗೆ ತರುವ ಭರವಸೆಯ ದಾರಿ ಪಿಡಿಎಫ್. ಕ್ಸೋರ್ನಲ್++ನ ಧ್ವನಿ, ಪದರ, ಲೇಟೆಕ್ ಇಂಥವನ್ನು ಇಲ್ಲಿ ಹುಡುಕಬೇಡಿ. ಟ್ಯಾಬ್ಲೆಟ್ ತಯಾರಕರೇ ಕೊಟ್ಟ ನೋಟ್ಸ್ ಆ್ಯಪ್‌ಗಳ ಪಕ್ಕ ಇಟ್ಟು ನೋಡಿದರೆ ಶಾಯಿ ಕೂದಲೆಳೆಯಷ್ಟು ತಡವಾಗಿ ಬಂದಂತೆ ಅನ್ನಿಸಬಹುದು. ಆ ಆ್ಯಪ್‌ಗಳು ಯಂತ್ರದ ಒಳದಾರಿಗಳನ್ನು ಬಳಸುತ್ತವೆ. ಕಾಗದದಂಥ ಪರದೆಯ ಇ-ಇಂಕ್ ಟ್ಯಾಬ್ಲೆಟ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ, ಅಲ್ಲಿ ಹೊರಗಿನ ಯಾವ ಆ್ಯಪ್ ಆದರೂ ಮೊದಲು ಪರೀಕ್ಷಿಸಿಯೇ ಮುಂದುವರಿಯಿರಿ.

ಬರೆದು ತಿದ್ದುವವರಿಗೆ: ರೈಟ್

ಕೈಬರಹದಲ್ಲಿ ಒಂದು ಪದ ಮರೆತರೆ ಮೇಲೆ ಬಾಣ ಹಾಕಿ ತುರುಕುವುದು ಬಿಟ್ಟು ಬೇರೆ ದಾರಿಯಿಲ್ಲ. ರೈಟ್ ಇದನ್ನೇ ಬಗೆಹರಿಸಲು ಹೊರಟದ್ದು. ಗೆರೆ ಹಾಕಿದ ಹಾಳೆಯಲ್ಲಿ ಬರೆದದ್ದನ್ನು ಅದು ಸಾಲುಗಳೆಂದು ಅರ್ಥಮಾಡಿಕೊಳ್ಳುತ್ತದೆ. ಎರಡು ಪದಗಳ ನಡುವೆ ಜಾಗ ಎಳೆದರೆ ಮುಂದಿನ ಪದಗಳು ಪಕ್ಕಕ್ಕೆ ಸರಿದು, ಹಿಡಿಸದಿದ್ದರೆ ಕೆಳಗಿನ ಸಾಲಿಗೆ ಇಳಿಯುತ್ತವೆ. ಸಾಲು ಸಾಲಾಗಿ ಆಯ್ಕೆ ಮಾಡಬಹುದು, ಅಳಿಸಬಹುದು. ಹಿಂದೆ ಮುಂದೆ ಹೋಗುವ ಅಂಡೂ ಕೂಡ ಒಂದು ಚಕ್ರದಂತೆ, ಪೆನ್ನನ್ನು ಸುತ್ತುತ್ತಾ ಹೋದರೆ ಬರೆದದ್ದೆಲ್ಲ ಹಿಂದಕ್ಕೆ ಸುರುಳಿ ಬಿಚ್ಚುತ್ತದೆ.

ಪ್ರಬಂಧ, ಕವಿತೆ, ಪತ್ರಗಳ ಕರಡನ್ನು ಕೈಯಲ್ಲೇ ಬರೆಯುವವರು ಇದನ್ನು ಒಮ್ಮೆಯಾದರೂ ಬಳಸಿ ನೋಡಲೇಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಒಎಸ್ ಎಲ್ಲಕ್ಕೂ ಇದೆ. ಫೈಲ್ ಇರುವುದು ಎಸ್‌ವಿಜಿಯಲ್ಲಿ. ಎಸ್‌ವಿಜಿ 2001ರಿಂದ ವೆಬ್‌ನ ಅಧಿಕೃತ ಮಾನದಂಡ, ಯಾವ ಬ್ರೌಸರ್ ಆದರೂ ತೆರೆದು ತೋರಿಸುತ್ತದೆ. ಫೈಲ್ ಬಾಳಿಕೆಯ ಲೆಕ್ಕದಲ್ಲಿ ಐದರಲ್ಲಿ ನನ್ನ ಮೊದಲ ಅಂಕ ಇದಕ್ಕೇ. ನೋಟ ಸ್ವಲ್ಪ ಹಳೆಯ ಕಾಲದ್ದು, ಉಪಕರಣಗಳ ಅರ್ಥ ಕೈಗೆ ಹತ್ತಲು ಸಮಯ ಬೇಕು. ಪಿಡಿಎಫ್ ಮೇಲೆ ಬರೆಯುವುದು ಮುಖ್ಯ ಅನ್ನುವವರಿಗೆ ಇದು ತಕ್ಕದ್ದಲ್ಲ.

ಬಟರ್‌ಫ್ಲೈ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲೆಯಿಲ್ಲದ ಹಾಳೆ, ಬೇಕಾದಂತೆ ಜೋಡಿಸಿಕೊಳ್ಳಬಹುದಾದ ಉಪಕರಣಗಳು, ಜೊತೆಗೆ ಬ್ರೌಸರ್‌ನಲ್ಲೇ ಓಡುವ ಆವೃತ್ತಿ. ಏನನ್ನೂ ಹಾಕಿಕೊಳ್ಳಲು ಅನುಮತಿಯಿಲ್ಲದ ಕಚೇರಿ ಅಥವಾ ಶಾಲೆಯ ಯಂತ್ರದಲ್ಲಿ ಈ ಒಂದು ಗುಣಕ್ಕೇ ಅದು ಬೇಕಾಗುತ್ತದೆ.

ಕ್ರಿಟಾ ಆಗುವುದಿಲ್ಲವೇ ಎಂದು ಕೇಳುವವರೂ ಇದ್ದಾರೆ. ಅದು ಚಿತ್ರಕಾರರ ಅದ್ಭುತ ಉಪಕರಣ, ಆದರೆ ಅಲ್ಲಿ ಕುಂಚದಿಂದ ಎಳೆದದ್ದೆಲ್ಲ ಚುಕ್ಕಿಗಳ ಚಿತ್ರ. ಇಂಚಿಗೆ 300 ಚುಕ್ಕಿಯ ಎ4 ಹಾಳೆ ಎಂದರೆ 2480ಕ್ಕೆ 3508 ಚುಕ್ಕಿಗಳು, ಒಂದೊಂದು ಪುಟಕ್ಕೂ ಅಷ್ಟು. ಮೇಲೆ ಹೇಳಿದ ಐದೂ ಗೆರೆಗಳನ್ನು ಬಿಂದುಗಳಾಗಿ ಇಟ್ಟುಕೊಳ್ಳುವುದರಿಂದ ನೂರು ಪುಟ ಬರೆದರೂ ಹಗುರ, ಎಷ್ಟು ಹಿಗ್ಗಿಸಿದರೂ ಅಕ್ಷರದ ಅಂಚು ಒಡೆಯುವುದಿಲ್ಲ.

ಹಾಗಾದರೆ ಯಾವುದು?

ವಿಂಡೋಸ್ ಅಥವಾ ಲಿನಕ್ಸ್ ಟ್ಯಾಬ್ಲೆಟ್ ಇದ್ದು ಓದು, ಪಾಠ, ಪಿಡಿಎಫ್ ಮುಖ್ಯವಾದರೆ ಬೇರೆ ಯೋಚನೆಯೇ ಬೇಡ, ಕ್ಸೋರ್ನಲ್++. ಅದೇ ಯಂತ್ರದಲ್ಲಿ ಖಾಲಿ ಹಾಳೆ ಹೆಚ್ಚು ಬಳಸುವವರು ಆರ್‌ನೋಟ್ ಜೊತೆಗಿಟ್ಟುಕೊಳ್ಳಲಿ, ಎರಡರ ನಡುವೆ ಫೈಲ್ ಓಡಾಡುವುದರಿಂದ ಒಂದನ್ನೇ ಆರಿಸಬೇಕೆಂಬ ಕಟ್ಟಳೆಯಿಲ್ಲ. ಆಂಡ್ರಾಯ್ಡ್, ಐಪ್ಯಾಡ್‌ನಲ್ಲಿ ದಿನದ ನೋಟ್ಸ್‌ಗೆ ಸೇಬರ್, ತಿದ್ದಿ ತೀಡುವ ಬರವಣಿಗೆಗೆ ರೈಟ್. ನೋಟ್ಸ್ ಇಪ್ಪತ್ತು ವರ್ಷ ಉಳಿಯಬೇಕು ಎಂಬುದೇ ಮೊದಲ ಚಿಂತೆಯಾಗಿದ್ದರೆ, ಯಂತ್ರ ಯಾವುದೇ ಇರಲಿ, ರೈಟ್.

ಒಂದು ವಿಷಯದಲ್ಲಿ ಮಾತ್ರ ಮುಕ್ತ ತಂತ್ರಾಂಶಗಳು ಇನ್ನೂ ಹಿಂದಿವೆ ಎಂದು ಒಪ್ಪಲೇಬೇಕು. ಕೈಬರಹವನ್ನು ಓದಿ ಅಚ್ಚಕ್ಷರವಾಗಿಸುವುದು, ಕೈಬರಹದೊಳಗೆ ಪದ ಹುಡುಕುವುದು ಈ ಐದರಲ್ಲಿ ಸಿದ್ಧವಾಗಿ ಸಿಗುವುದಿಲ್ಲ. ಅದಿಲ್ಲದೆ ನಡೆಯುವುದೇ ಇಲ್ಲ ಎನ್ನುವವರು ದುಡ್ಡಿನ ಅಥವಾ ಮುಚ್ಚಿದ ಆ್ಯಪ್‌ಗಳ ಕಡೆಗೇ ಹೋಗಬೇಕಾಗುತ್ತದೆ. ಆದರೆ ಫೈಲ್‌ಗೆ ವಿಷಯ ಮತ್ತು ದಿನಾಂಕ ಸೇರಿಸಿ ಹೆಸರಿಡುವುದು, ವಿಷಯಕ್ಕೊಂದು ಫೋಲ್ಡರ್, ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಕೈಯಲ್ಲೇ ಬರೆದ ಪರಿವಿಡಿ, ಈ ಮೂರು ಇದ್ದರೆ ಹುಡುಕಾಟದ ಬಹುಪಾಲು ಗೋಜು ತಪ್ಪುತ್ತದೆ.

ಯಾವುದನ್ನೇ ಆರಿಸಿ, ಅದರಲ್ಲಿ ಪೂರ್ತಿ ನೆಲೆಸುವ ಮೊದಲು ಈ ಕೆಲಸ ಮಾಡಿ. ಎರಡು ಪುಟ ಬರೆಯಿರಿ, ಒಂದು ಚಿತ್ರ ಸೇರಿಸಿ, ಒಂದು ಪಿಡಿಎಫ್ ಮೇಲೆ ಟಿಪ್ಪಣಿ ಹಾಕಿ. ಎಲ್ಲವನ್ನೂ ಪಿಡಿಎಫ್ ಆಗಿ ರಫ್ತು ಮಾಡಿ, ಆ ಆ್ಯಪ್ ಇಲ್ಲದ ಇನ್ನೊಂದು ಯಂತ್ರದಲ್ಲಿ ತೆರೆಯಿರಿ. ಪಿಡಿಎಫ್ 2008ರಿಂದ ಐಎಸ್‌ಒ ಮಾನದಂಡ, ತೆರೆಯದ ಯಂತ್ರ ಸಿಗುವುದು ಕಷ್ಟ. ಮಾರ್ಕರ್‌ನ ಹಳದಿ ಪಾರದರ್ಶಕವಾಗಿಯೇ ಉಳಿಯಿತೇ, ಸಣ್ಣ ಚುಕ್ಕಿಗಳು ಬಂದವೇ, ಪುಟದ ಅಂಚಿನಲ್ಲಿ ಬರೆದದ್ದು ಕತ್ತರಿಸಿಹೋಯಿತೇ ಎಂದು ನೋಡಿ. ಆಮೇಲೆ ಮೂಲ ಫೈಲನ್ನೂ ಆ ಯಂತ್ರಕ್ಕೆ ಒಯ್ದು, ಆ್ಯಪ್ ಹಾಕಿ, ಮತ್ತೆ ತಿದ್ದಲು ಆಗುತ್ತದೆಯೇ ಪರೀಕ್ಷಿಸಿ. ಇದೆಲ್ಲ ಸರಿಹೋದರೆ ವಾರಕ್ಕೊಮ್ಮೆ ಮೂಲ ಫೈಲ್ ಮತ್ತು ಪಿಡಿಎಫ್ ಎರಡನ್ನೂ ಟ್ಯಾಬ್ಲೆಟ್‌ನ ಹೊರಗೆ ನಕಲು ಮಾಡುವ ಏರ್ಪಾಡು ಮಾಡಿಕೊಂಡು ಬರೆಯಲು ಶುರುಮಾಡಿ.